ಮಗು ಓದಿನಲ್ಲಿ ಮುಂದಿದ್ರೆ ಸುತ್ತಲಿನವರು ಯಾಕೆ ಹಾಗಾಡ್ತಾರೆ?

ಮದುವೆ ಮನೇಲಿ ಊಟದ ಪಂಕ್ತಿಗೆ ಕಾಯ್ತಾ ಕೂತಿರ್ತೀರ. ಪಕ್ಕದಲ್ಲಿರೋ ನಿಮ್ಮ ನಾಲ್ಕೂವರೆ ವರ್ಷದ ಮಗು ಗೋಡೆ ಕಡೆ ನೋಡಿ 'ಕೈ ತೊಳೆಯುವ ಸ್ಥಳ' ಅಂತ ಜೋರಾಗಿ ಓದುತ್ತೆ. ಅಷ್ಟೇ ನಡೆದಿದ್ದು. ಆದ್ರೆ ಒಬ್ರು 'ಅಯ್ಯೋ, ಇಷ್ಟುದ್ದ ಇಲ್ಲ, ಓದತ್ತಾ!' ಅಂತಾರೆ, ಇನ್ನೊಬ್ರು 'ಹಂಗಾದ್ರೆ ಹದಿನೇಳರ ಮಗ್ಗಿ ಹೇಳು ನೋಡೋಣ' ಅಂತ ಅಲ್ಲೇ ಪರೀಕ್ಷೆ ಶುರು ಮಾಡ್ತಾರೆ, ದೊಡ್ಡಮ್ಮ ಒಬ್ರು 'ಮನೆಗೆ ಹೋದ್ಮೇಲೆ ದೃಷ್ಟಿ ತೆಗಿಯಮ್ಮ' ಅಂತ ಕಿವೀಲಿ ಹೇಳ್ತಾರೆ, ಹಿಂದಿನ ಸಾಲಿಂದ ಯಾರೋ 'ಈಗಿನ ಅಪ್ಪ ಅಮ್ಮಂದ್ರು ಮಕ್ಕಳನ್ನ ಆಡೋಕೇ ಬಿಡಲ್ಲ ಕಣ್ರೀ' ಅಂತ ನಿಮಗೆ ಕೇಳೋ ಹಾಗೇ ಗೊಣಗ್ತಾರೆ. ಒಂದು ಬೋರ್ಡ್ ಓದಿದ್ದಕ್ಕೆ ನಾಲ್ಕು ತೀರ್ಪು. ಮಗು ಅಷ್ಟೊತ್ತಿಗೆ ಬಲೂನ್ ಹಿಂದೆ ಓಡಿಹೋಗಿರುತ್ತೆ, ಮುಖ ಹೇಗಿಟ್ಕೋಬೇಕು ಅಂತ ಗೊತ್ತಾಗದೆ ಕೂತಿರೋರು ನೀವು.

ಈ ವಿಷಯ ಈಗ ಜಾಸ್ತಿ ಜನಕ್ಕೆ ತಟ್ಟೋಕೆ ಕಾರಣ ಒಂದನೇ ಕ್ಲಾಸ್ ಅಡ್ಮಿಷನ್ ಗಲಾಟೆ. ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅಂತ ಕರ್ನಾಟಕದಲ್ಲಿ 2022ರಲ್ಲಿ ಆದೇಶ ಆಯ್ತು, ಜಾರಿ ಮಾಡೋದು 2025-26ರಿಂದ ಅಂತಾಯ್ತು, ಆ ವರ್ಷ ಬಂದಾಗ ಪೋಷಕರು ಕೂಗಾಡಿದ್ಮೇಲೆ 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳು ಸಾಕು ಅಂತ ಸಡಿಲಿಕೆ ಕೊಟ್ರು. ಆಗ 'ನಮ್ಮದು ಆಗ್ಲೇ ಕಥೆ ಪುಸ್ತಕ ಓದುತ್ತೆ, ಇನ್ನೊಂದು ವರ್ಷ ಯುಕೆಜೀಲಿ ಕೂತು ಏನ್ ಮಾಡ್ಬೇಕು' ಅಂತ ಬಾಯಿಬಿಟ್ಟ ಅಪ್ಪ ಅಮ್ಮಂದ್ರಿಗೆ ಸಿಕ್ಕಿದ್ದು ಸಹಾನುಭೂತಿ ಅಲ್ಲ, ಹೆಚ್ಚಿನಂಶ ಬೈಗುಳ. (ನಮ್ಮ ತಂದೆ ಕಾಲದಲ್ಲಿ ಈ ರಗಳೆನೇ ಇರಲಿಲ್ಲ, ತಲೆ ಮೇಲಿಂದ ಕೈ ಹಾಕಿ ಆ ಕಡೆ ಕಿವಿ ಮುಟ್ಟಿದ್ರೆ ಮೇಷ್ಟ್ರು ಸೇರಿಸ್ಕೊಂಡು ಹುಟ್ಟಿದ ದಿನ ಜೂನ್ 1 ಅಂತ ಬರೆದುಬಿಡ್ತಿದ್ರು.)

ಜನ ಯಾಕೆ ಹೀಗೆ ಮಾತಾಡ್ತಾರೆ, ಅದರಲ್ಲಿ ಯಾವುದಕ್ಕೆ ಉತ್ತರ ಕೊಡ್ಬೇಕು, ಯಾವುದನ್ನ ಬಿಟ್ಬಿಡ್ಬೇಕು ಅಂತ ನಿಧಾನವಾಗಿ ನೋಡೋಣ.

ಮೊದಲು, 'ಮುಂದಿದೆ' ಅಂದ್ರೆ ಏನು?

ನಾವು ಒಂದೇ ಪದದಲ್ಲಿ 'ಶಾರ್ಪ್', 'ಚುರುಕು', 'ಬ್ರಿಲಿಯಂಟ್' ಅಂತ ಹೇಳೋದ್ರಲ್ಲಿ ಎರಡು ಬೇರೆ ಬೇರೆ ವಿಷಯ ಸೇರ್ಕೊಂಡಿದೆ. ಒಂದು, ಬೇಗ ಶುರು ಮಾಡಿರೋದು. ಹಲ್ಲು ಬರೋ ಹಾಗೆ ಅಂದ್ಕೊಳ್ಳಿ, ಒಂದು ಮಗುಗೆ ಐದನೇ ತಿಂಗಳಿಗೇ ಬರುತ್ತೆ, ಇನ್ನೊಂದಕ್ಕೆ ವರ್ಷ ತುಂಬೋ ಹೊತ್ತಿಗೆ ಬರುತ್ತೆ, ಮೂರು ವರ್ಷಕ್ಕೆ ಇಬ್ಬರೂ ಚಕ್ಕುಲಿ ಕಡೀತಾರೆ. ಮನೇಲಿ ಅಜ್ಜಿ ಕೂರಿಸ್ಕೊಂಡು ಅಕ್ಷರ ತಿದ್ದಿಸಿದ್ರಿಂದ ಬೇಗ ಓದೋಕೆ ಬಂದಿರೋ ಎಷ್ಟೋ ಮಕ್ಕಳು ಈ ಗುಂಪು. ಇನ್ನೊಂದು, ಕಲಿಯೋ ವೇಗವೇ ಬೇರೆ ಇರೋದು. ಯಾರೂ ಹೇಳಿಕೊಡದೆ ಬಸ್ಸಿನ ಬೋರ್ಡು, ಬಿಸ್ಕತ್ ಪೊಟ್ಟಣ ನೋಡ್ಕೊಂಡೇ ಓದೋದು ಕಲಿತ್ಕೊಂಡು, ಆಮೇಲೂ ನಿಲ್ಲದೆ 'ಸೊನ್ನೆಗಿಂತ ಕಮ್ಮಿ ನಂಬರ್ ಇದ್ಯಾ' ಅಂತ ರಾತ್ರಿ ಹನ್ನೊಂದು ಗಂಟೆಗೆ ಎಬ್ಬಿಸಿ ಕೇಳೋ ಮಕ್ಕಳು. ಇಂಗ್ಲಿಷ್‌ನಲ್ಲಿ 'ಗಿಫ್ಟೆಡ್' ಅನ್ನೋದು ಸಾಮಾನ್ಯವಾಗಿ ಈ ಎರಡನೇ ಗುಂಪಿಗೆ. ಹೊರಗಿಂದ ನೋಡೋರಿಗೆ ನಾಲ್ಕನೇ ವಯಸ್ಸಲ್ಲಿ ಎರಡೂ ಒಂದೇ ಥರ ಕಾಣುತ್ತೆ, ಅದಕ್ಕೇ 'ಬಿಡಿ, ಮೂರನೇ ಕ್ಲಾಸಿಗೆ ಎಲ್ಲಾ ಸಮ ಆಗುತ್ತೆ' ಅನ್ನೋರ ಮಾತೂ ಪೂರ್ತಿ ಸುಳ್ಳಲ್ಲ, 'ಬೆಳೆಯುವ ಸಿರಿ ಮೊಳಕೆಯಲ್ಲಿ' ಅನ್ನೋರ ಮಾತೂ ಪೂರ್ತಿ ಸುಳ್ಳಲ್ಲ. ಇಬ್ಬರೂ ಬೇರೆ ಬೇರೆ ಮಕ್ಕಳ ಬಗ್ಗೆ ಮಾತಾಡ್ತಿದಾರೆ.

ಇನ್ನು ಐಕ್ಯೂ, ಅಂದ್ರೆ ಬುದ್ಧಿಶಕ್ತಿ ಅಳೆಯೋ ಪರೀಕ್ಷೇಲಿ ಬರೋ ನಂಬರ್. ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡರ್ ಸಿಮೋನ್ 1905ರಲ್ಲಿ ಮೊದಲ ಪರೀಕ್ಷೆ ಮಾಡಿದ್ದು ಬುದ್ಧಿವಂತರನ್ನ ಹುಡುಕೋಕೆ ಅಲ್ಲ, ಕ್ಲಾಸಲ್ಲಿ ಹಿಂದೆ ಬೀಳೋ, ಹೆಚ್ಚು ಸಹಾಯ ಬೇಕಿರೋ ಮಕ್ಕಳನ್ನ ಗುರುತಿಸೋಕೆ. ಅದೇ ಪರೀಕ್ಷೆನ ವಿ. ವಿ. ಕಾಮತ್ ಅನ್ನೋರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡೋ ಮಕ್ಕಳಿಗೆ ಹೊಂದಿಸಿದ್ರು, 'ಬಿನೆ-ಕಾಮತ್ ಟೆಸ್ಟ್' ಅನ್ನೋ ಹೆಸರು ಕ್ಲಿನಿಕ್‌ಗಳಲ್ಲಿ ನೀವು ಕೇಳಿರಬಹುದು. ಈಗಿನ ಬಹುತೇಕ ಪರೀಕ್ಷೆಗಳಲ್ಲಿ ಸರಾಸರಿ 100, ಹೆಚ್ಚುಕಮ್ಮಿ ಅರ್ಧದಷ್ಟು ಜನ 90ರಿಂದ 110ರ ಒಳಗೆ, 130 ದಾಟೋರು ನೂರಕ್ಕೆ ಸುಮಾರು ಇಬ್ಬರು. ಅಂದ್ರೆ 50 ಮಕ್ಕಳ ಕ್ಲಾಸಲ್ಲಿ ಒಬ್ಬರು. ಅಪರೂಪ ಹೌದು, ಆದ್ರೆ ಪವಾಡ ಅಲ್ಲ, ನಿಮ್ಮ ಬೀದಿಯಲ್ಲೇ ಇನ್ನೂ ಒಂದೆರಡು ಇರ್ತಾವೆ.

ಈ ನಂಬರ್ ಮೇಲೆ ಎಷ್ಟು ಭಾರ ಹಾಕ್ಬಹುದು ಅನ್ನೋದಕ್ಕೆ ಒಂದು ಹಳೇ ಉದಾಹರಣೆ ಇದೆ. ಲೂಯಿಸ್ ಟರ್ಮನ್ ಅನ್ನೋ ಮನಶ್ಶಾಸ್ತ್ರಜ್ಞ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚಿನ ಐಕ್ಯೂ ಇರೋ 1500ಕ್ಕೂ ಹೆಚ್ಚು ಮಕ್ಕಳನ್ನ ಆರಿಸಿ ಅವರ ಇಡೀ ಜೀವನ ಫಾಲೋ ಮಾಡೋಕೆ ಶುರು ಮಾಡಿದ. ಟೆಸ್ಟ್ ಬರೆದು ಆಯ್ಕೆ ಆಗದೇ ಹೋದ ಹುಡುಗರಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಆಲ್ವರೆಜ್ ಇದ್ರು. ಮುಂದೆ ಇಬ್ಬರಿಗೂ ಫಿಸಿಕ್ಸ್ ನೊಬೆಲ್ ಬಂತು, 1956ರಲ್ಲಿ ಒಬ್ಬನಿಗೆ, 1968ರಲ್ಲಿ ಇನ್ನೊಬ್ಬನಿಗೆ. ಆಯ್ಕೆ ಆದ ಮಕ್ಕಳಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ.

ಒಂದೇ ಮಗು, ಮೂರು ವಯಸ್ಸು

ಜನ ಗೊಂದಲ ಮಾಡ್ಕೊಳ್ಳೋ ಜಾಗ ಇದು. ಮಗು ಏಳು ವರ್ಷದವರ ಹಾಗೆ ಓದುತ್ತೆ, ಹಾಗಾಗಿ ಏಳು ವರ್ಷದವರ ಹಾಗೆ ನಡ್ಕೊಳ್ಳತ್ತೆ ಅಂತ ಎಲ್ಲರೂ ಅಂದ್ಕೊಳ್ತಾರೆ. ಆದ್ರೆ ಅದೇ ಮಗು ಪೆನ್ಸಿಲ್ ಹಿಡಿಯೋದು ನಾಲ್ಕು ವರ್ಷದವರ ಹಾಗೆ, ಪಲ್ಯದಲ್ಲಿ ಸಾಸಿವೆ ಸಿಕ್ಕಿದ್ದಕ್ಕೆ ನೆಲಕ್ಕೆ ಬಿದ್ದು ಅಳೋದು ಮೂರು ವರ್ಷದವರ ಹಾಗೆ. ಇದಕ್ಕೆ ಅಮೆರಿಕದ ಕೆಲವು ಪೋಷಕರು ಮತ್ತು ತಜ್ಞರು ಸೇರಿ 1991ರಲ್ಲಿ ಒಂದು ಹೆಸರು ಇಟ್ರು, ಕನ್ನಡದಲ್ಲಿ 'ಏರುಪೇರಿನ ಬೆಳವಣಿಗೆ' ಅನ್ಬಹುದು. ನಮ್ಮ ಬೆಂಗಳೂರಲ್ಲಿ ಕಟ್ತಾರಲ್ಲ ಮನೆ, ಮೇಲಿನ ಫ್ಲೋರ್‌ಗೆ ಬಾಡಿಗೆಯವರು ಬಂದು ಹಾಲುಕ್ಕಿಸಿ ಆಗಿರುತ್ತೆ, ಕೆಳಗೆ ಓನರ್ ಮನೆಗೆ ಇನ್ನೂ ಬಾಗಿಲೇ ಇಟ್ಟಿರಲ್ಲ, ಹಾಗೆ.

ನನ್ನ ಮಗಳು ಯುಕೆಜೀಲಿದ್ದಾಗ ಪೇಪರ್‌ನ ಹೆಡ್‌ಲೈನ್ ಓದ್ತಿದ್ಲು, ಶೂ ಲೇಸ್ ಕಟ್ಟೋಕೆ ಬಂದಿದ್ದು ಮೂರನೇ ಕ್ಲಾಸಲ್ಲಿ. ಒಂದು ಸಲ ಲಿಫ್ಟ್ ಹತ್ರ ಅತ್ತಾಗ ಪಕ್ಕದ ಮನೆಯವರು 'ಇಷ್ಟೆಲ್ಲಾ ಗೊತ್ತು, ಇಷ್ಟು ಗೊತ್ತಾಗಲ್ವಾ ನಿಂಗೆ' ಅಂದ್ರು. ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಮಗುನ ಓದೋ ವಯಸ್ಸಿಂದ ಅಳೆದ್ರು ಅಷ್ಟೇ. ಇಂಥ ಕಡೆ 'ಐದು ವರ್ಷ ಅಲ್ವಾ ಆಂಟಿ, ಅಳ್ತಾಳೆ' ಅಂತ ವಯಸ್ಸನ್ನ ನೆನಪಿಸಿದ್ರೆ ಸಾಕು. ಮಗು ಕಿವಿಗೂ ಬೀಳೋ ಹಾಗೆ ಹೇಳಿ, 'ನಾನು ಅಳ್ಬಾರ್ದೇನೋ' ಅನ್ನೋ ಅನುಮಾನ ಅದಕ್ಕೂ ಇರುತ್ತೆ.

ಓಡಿದ್ರೆ ಚಪ್ಪಾಳೆ, ಓದಿದ್ರೆ ಅನುಮಾನ

'ನನ್ನ ಮಗ ತುಂಬಾ ಜೋರಾಗಿ ಓಡ್ತಾನೆ' ಅಂತ ಹೇಳಿ ನೋಡಿ, ಯಾರಿಗೂ ಬೇಜಾರಿಲ್ಲ. 'ಚೆನ್ನಾಗಿ ಹಾಡ್ತಾಳೆ' ಅನ್ನಿ, 'ಒಂದು ಹಾಡು ಹಾಡಮ್ಮ' ಅಂತಾರೆ, ಖುಷಿಯಿಂದ ಕೇಳ್ತಾರೆ. 'ಎರಡು ಕ್ಲಾಸ್ ಮುಂದಿನ ಗಣಿತ ಮಾಡ್ತಾನೆ' ಅನ್ನಿ, ಗಾಳಿ ಬದಲಾಗುತ್ತೆ.

ಯಾಕೆ ಅಂದ್ರೆ ನಮ್ಮಲ್ಲಿ ಓದು ಅನ್ನೋದು ಬರೀ ಓದಲ್ಲ. ಎಸ್‌ಎಸ್‌ಎಲ್‌ಸಿಗೆ 625ಕ್ಕೆ 625, ಆಮೇಲೆ ಪಿಯುಸಿ, ಸಿಇಟಿ ರ‍್ಯಾಂಕ್, ಸೀಟು, ಕೆಲಸ, ಸೈಟು, ಮದುವೆ, ಎಲ್ಲಾ ಒಂದೇ ದಾರದಲ್ಲಿ ಪೋಣಿಸಿಟ್ಟಿದೀವಿ. ಎಲ್ಲರ ಮಕ್ಕಳೂ ಒಂದೇ ಕ್ಯೂನಲ್ಲಿ ನಿಂತಿದಾರೆ ಅನ್ನೋ ಭಾವನೆ ಮನೆಮನೇಲೂ ಇದೆ. ಹಾಗಾಗಿ ನೀವು ನಿಮ್ಮ ಮಗು ಬಗ್ಗೆ ಒಂದು ಸಂಗತಿ ಹೇಳಿದ್ರೆ ಎದುರಿಗಿರೋರ ಕಿವಿಗೆ ಬೀಳೋದು 'ನಮ್ಮದು ಕ್ಯೂನಲ್ಲಿ ನಿಮ್ಮದಕ್ಕಿಂತ ಮುಂದೆ ನಿಂತಿದೆ' ಅಂತ.

ಇದಕ್ಕೆ ಮನಶ್ಶಾಸ್ತ್ರದಲ್ಲೂ ಒಂದು ವಿವರಣೆ ಇದೆ. ಲಿಯಾನ್ ಫೆಸ್ಟಿಂಗರ್ ಅನ್ನೋರು 1954ರಲ್ಲಿ ಬರೆದಿದ್ದು, ಅಳೆಯೋಕೆ ಸರಿಯಾದ ಅಳತೆಗೋಲು ಇಲ್ಲದಿದ್ದಾಗ ಜನ ತಮ್ಮನ್ನ ಅಕ್ಕಪಕ್ಕದವರ ಜೊತೆ ಹೋಲಿಸಿ ಅಳೀತಾರೆ, ಅದೂ ತಮ್ಮ ಥರಾನೇ ಇರೋರ ಜೊತೆ. ಮಗು ಬೆಳೆಸೋದಕ್ಕೆ ಯಾವ ಅಳತೆಗೋಲಿದೆ? ನಾನು ಒಳ್ಳೇ ಅಮ್ಮನಾ ಅಂತ ತಿಳ್ಕೊಳ್ಳೋಕೆ ಮೀಟರ್ ಇಲ್ಲ. ಪಕ್ಕದ ಮನೆ ಮಗುನೇ ಮೀಟರ್. ಅದಕ್ಕೇ ಟಿವೀಲಿ ಬರೋ ಬಾಲ ಪ್ರತಿಭೆ ನೋಡಿ ಯಾರಿಗೂ ಸಂಕಟ ಆಗಲ್ಲ, ಆಗೋದು ಓರಗಿತ್ತಿ ಮಗುನ, ಅದೇ ಅಪಾರ್ಟ್‌ಮೆಂಟಿನ ಅದೇ ವಯಸ್ಸಿನ ಮಗುನ ನೋಡಿದಾಗ.

ಇದು ಗೊತ್ತಾದ್ಮೇಲೆ ಅರ್ಧ ಭಾರ ಇಳಿಯುತ್ತೆ. 'ಪಾಪ, ಬಾಲ್ಯನೇ ಕಿತ್ಕೊಂಡ್ರಿ ಮಗೂದು' ಅನ್ನೋರು ನಿಮ್ಮ ಮಗು ಬಗ್ಗೆ ಮಾತಾಡ್ತಿಲ್ಲ, 'ನಾನು ನನ್ನ ಮಗುಗೆ ಹೇಳ್ಕೊಡದೇ ಇದ್ದದ್ದು ತಪ್ಪಾಯ್ತಾ' ಅಂತ ತಮ್ಮನ್ನೇ ಕೇಳ್ಕೊಳ್ತಿರ್ತಾರೆ, ಬಾಯಿಗೆ ಬಂದಿದ್ದು ಮಾತ್ರ ಬೇರೆ. ದೃಷ್ಟಿ ತೆಗಿ ಅನ್ನೋ ದೊಡ್ಡಮ್ಮನ ಮಾತನ್ನೂ ನಾನು ಈಗ ಹೀಗೇ ಓದ್ಕೊಳ್ತೀನಿ. ಉಪ್ಪು ಮೆಣಸಿನಕಾಯಿ ನಿವಾಳಿಸಿದ್ರೆ ಏನಾಗುತ್ತೋ ಬಿಡುತ್ತೋ, ಆದ್ರೆ ಮಗುಗೆ ಹೊಸ ಬಟ್ಟೆ ಹಾಕಿದ್ರೆ ಕೆನ್ನೆಗೆ ಕಪ್ಪು ಬೊಟ್ಟು ಇಡೋ ಪದ್ಧತಿ ಮಾಡಿದೋರಿಗೆ 'ಚೆನ್ನಾಗಿರೋದನ್ನ ಎಲ್ಲರ ಮುಂದೆ ಹರಡಿದ್ರೆ ಹೊಟ್ಟೆ ಉರೀತದೆ' ಅನ್ನೋ ಲೋಕಜ್ಞಾನ ಅಂತೂ ಇತ್ತು.

ನಮ್ಮ ಕಡೆಯಿಂದಲೂ ಒಂದು ತಪ್ಪಾಗುತ್ತೆ, ಒಪ್ಕೋಬೇಕು. 'ಹೆತ್ತವರಿಗೆ ಹೆಗ್ಗಣ ಮುದ್ದು' ಅಂತ ಗಾದೆ ಸುಮ್ನೆ ಹುಟ್ಟಿಲ್ಲ. ಎಲ್ಲಾ ಅಪ್ಪ ಅಮ್ಮಂದ್ರೂ ತಮ್ಮ ಮಗು ವಿಶೇಷ ಅಂತ ಹೇಳೋದ್ರಿಂದ, ನಿಜವಾಗ್ಲೂ ಬೇರೆ ಥರ ಇರೋ ಮಗುವಿನ ಅಮ್ಮ ಹೇಳಿದ್ರೂ ಜನ ಅದನ್ನ ಅದೇ ಲೆಕ್ಕಕ್ಕೆ ಸೇರಿಸ್ತಾರೆ. ಅವರಿಗೆ ಗೊತ್ತಾಗೋದಾದ್ರೂ ಹೇಗೆ?

ಯಾರ ಮಾತಿಗೆ ಏನು ಹೇಳೋದು

ಉತ್ತರ ಕೊಡೋಕೆ ಮುಂಚೆ ಇದು ಪ್ರಶ್ನೆನಾ, ಹೋಲಿಕೆನಾ, ಕುಟುಕಾ ಅಂತ ನೋಡ್ಕೊಳ್ಳಿ. 'ಹೇಗೆ ಕಲಿಸಿದ್ರಿ?' ಅಂತ ಒಬ್ರು ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳ್ತಿರಬಹುದು, ಆಗ 'ನಾವೇನೂ ಕಲಿಸಿಲ್ಲ, ತಾನೇ ಕಲಿತ' ಅನ್ನೋ ಉತ್ತರ, ಅದು ನಿಜವೇ ಆಗಿದ್ರೂ, ಮುಖಕ್ಕೆ ಬಾಗಿಲು ಹಾಕಿದ ಹಾಗಿರುತ್ತೆ. ರಾತ್ರಿ ಮಲಗೋಕೆ ಮುಂಚೆ ಕಥೆ ಓದ್ತೀವಿ, ಅಂಗಡಿ ಬೋರ್ಡು ತೋರಿಸ್ತಿದ್ವಿ, ಇಂಥ ಪುಸ್ತಕ ಇಷ್ಟ ಆಯ್ತು ಅಂತ ಎರಡು ಉಪಯೋಗಕ್ಕೆ ಬರೋ ಮಾತು ಹೇಳಿ, ಅವರ ಮಗುಗೆ ಏನಿಷ್ಟ ಅಂತ ಕೇಳಿ. ಮಾತು ಮುಂದೆ ಹೋಗುತ್ತೆ.

ಹೋಲಿಕೆ ಮಾತಲ್ಲಿ ಕಷ್ಟ ಅನ್ನೋದು ಬೇರೆ ಮಗು ಅಲ್ಲೇ ನಿಂತಿರೋದು. 'ನೋಡೋ, ಅವಳು ನಿನಗಿಂತ ಚಿಕ್ಕೋಳು, ಹೇಗೆ ಓದ್ತಾಳೆ, ನೀನೂ ಇದೀಯ ದಂಡಕ್ಕೆ' ಅಂತ ನಿಮ್ಮ ಮಗುನ ಕೋಲು ಮಾಡ್ಕೊಂಡು ಅವರ ಮಗುಗೆ ಹೊಡೀತಾರೆ. ಅವತ್ತಿಂದ ಆ ಹುಡುಗ ನಿಮ್ಮ ಮಗಳ ಜೊತೆ ಆಡಲ್ಲ, ಆಡೋದಾದ್ರೂ ಯಾಕೆ? ಇಲ್ಲಿ ಸುಮ್ನೆ ನಗ್ತಾ ಕೂರೋದು ಸರಿ ಅಲ್ಲ ಅಂತ ನನಗನ್ಸುತ್ತೆ. 'ಅಯ್ಯೋ, ಮೊನ್ನೆ ನಿಮ್ಮ ಹುಡುಗ ಇವಳಿಗೆ ಸೈಕಲ್ ಕಲಿಸಿದ್ದ, ಇವಳಿಗೆ ಬ್ಯಾಲೆನ್ಸೇ ಬರ್ತಿರಲಿಲ್ಲ' ಅಂತ ನಿಜವಾಗಿ ನಡೆದಿದ್ದೇನಾದ್ರೂ ಹೇಳಿ. ಸುಳ್ಳು ಹೊಗಳಿಕೆ ಬೇಡ, ಮಕ್ಕಳಿಗೆ ತಕ್ಷಣ ಗೊತ್ತಾಗುತ್ತೆ. ಮನೇಲೇ ಅಣ್ಣ ತಮ್ಮ ಇದ್ದು, ಚಿಕ್ಕೋನು ದೊಡ್ಡೋನ ಪುಸ್ತಕ ಓದೋ ಹಾಗಿದ್ರಂತೂ ಅಜ್ಜ ಅಜ್ಜಿಗೆ ಕೂರಿಸಿ ಹೇಳ್ಬೇಕಾಗುತ್ತೆ, ಇವರಿಬ್ಬರನ್ನ ಒಂದೇ ವಾಕ್ಯದಲ್ಲಿ ಹೇಳ್ಬೇಡಿ ಅಂತ.

ಮಗ್ಗಿ ಹೇಳಿಸೋ ಮಾವಂದ್ರು ಇನ್ನೊಂದು ಜಾತಿ. ಅವರದ್ದು ಪ್ರೀತಿನೇ, ಆದ್ರೆ ಮಗು ಟೇಪ್ ರೆಕಾರ್ಡರ್ ಆಗಿಬಿಡುತ್ತೆ. ನಾಲ್ಕು ಸಲ ಹೇಳಿಸಿ ಐದನೇ ಸಲ ತಪ್ಪಿದ್ರೆ 'ಏನೋ, ಇಷ್ಟೇನಾ' ಅಂತಾರೆ, ಅಲ್ಲಿಗೆ ಮಗು ಕಲಿಯೋದು ಏನಂದ್ರೆ ನನ್ನನ್ನ ಇಷ್ಟ ಪಡೋದು ಉತ್ತರ ಸರಿ ಇದ್ರೆ ಮಾತ್ರ. 'ಇವತ್ತು ರಜ ಮಾವ, ಅವನನ್ನ ಆಡೋಕೆ ಬಿಡಿ' ಅಂತ ನೀವೇ ಮಧ್ಯೆ ಬರ್ಬೇಕು. ಮಗುಗೂ 'ಇಷ್ಟ ಇಲ್ಲದಿದ್ರೆ ಆಮೇಲೆ ಹೇಳ್ತೀನಿ ಅಂತ ಹೇಳಿ ಓಡು' ಅಂತ ಪರ್ಮಿಷನ್ ಕೊಟ್ಟಿಡಿ.

ಕುಟುಕು ಮಾತಿಗೆ, ಅಂದ್ರೆ 'ಡಾಕ್ಟ್ರೋ ಕಲೆಕ್ಟ್ರೋ ಮಾಡಿಬಿಡ್ತೀರೇನೋ ಈಗ್ಲೇ' ಅನ್ನೋ ಥರದ್ದಕ್ಕೆ, ವಾದ ಮಾಡಿ ಗೆದ್ದೋರನ್ನ ನಾನು ನೋಡಿಲ್ಲ. 'ಅವಳಿಗೆ ಓದೋದು ಆಟ ಥರ, ಮಣ್ಣಲ್ಲೂ ಆಡ್ತಾಳೆ' ಅಂತ ಒಂದು ವಾಕ್ಯ, ಆಮೇಲೆ ಊಟ ಆಯ್ತಾ ಅಂತ ಮಾತು ಬದಲಾಯಿಸಿ.

ಸ್ಕೂಲಲ್ಲಿ, ಟೀಚರ್ ಹತ್ರ

ಟೀಚರ್ ಹತ್ರ ಎಲ್ಲರೂ ಮೊದಲು ಹೇಳೋ ಮಾತು 'ನಮ್ಮ ಮಗುಗೆ ಕ್ಲಾಸಲ್ಲಿ ಬೋರ್ ಆಗುತ್ತಂತೆ'. ಈ ಮಾತು ಟೀಚರ್ ಕಿವಿಗೆ 'ನಿಮ್ಮ ಪಾಠ ಬೋರು' ಅಂತ ಬೀಳುತ್ತೆ, ಅಲ್ಲಿಗೆ ಮಾತುಕತೆ ಮುಗೀತು. ನಾನೂ ಇದನ್ನೇ ಮಾಡಿದ್ದೆ. ಟೀಚರ್ ಮುಖ ಸಣ್ಣದು ಮಾಡ್ಕೊಂಡು 'ಮೇಡಂ, ಮೊದಲು ಹ್ಯಾಂಡ್‌ರೈಟಿಂಗ್ ಸರಿ ಮಾಡಿಸಿ' ಅಂದ್ರು, ಅದೂ ನಿಜವೇ ಆಗಿತ್ತು ಅನ್ನೋದು ಬೇರೆ ಮಾತು.

ಕೆಲಸ ಮಾಡೋದು ಸಾಕ್ಷಿ. ಬ್ರಿಲಿಯಂಟ್ ಅನ್ನೋ ಪದ ಬಿಟ್ಬಿಟ್ಟು, ಮನೇಲಿ ಓದ್ತಿರೋ ಪುಸ್ತಕ, ತಾನಾಗೇ ಮಾಡಿದ ಲೆಕ್ಕದ ಹಾಳೆ ತಗೊಂಡು ಹೋಗಿ 'ಇದನ್ನ ಮಾಡ್ತಿದಾಳೆ, ಕ್ಲಾಸ್ ಕೆಲಸ ಬೇಗ ಮುಗಿಸಿದ್ರೆ ಏನ್ ಕೊಡ್ಬಹುದು, ನೀವು ಹೇಳಿದ್ರೆ ನಾನು ಮನೆಯಿಂದ ಕಳಿಸ್ತೀನಿ' ಅಂತ ಕೇಳಿ. 40-50 ಮಕ್ಕಳನ್ನ ಒಬ್ಬರೇ ನೋಡ್ಕೊಳ್ಳೋರಿಗೆ ಹೊಸ ಕೆಲಸ ಕೊಡೋ ಪೋಷಕರಿಗಿಂತ ಕೆಲಸ ಕಮ್ಮಿ ಮಾಡೋ ಪೋಷಕರು ಇಷ್ಟ ಆಗ್ತಾರೆ.

2020ರ ರಾಷ್ಟ್ರೀಯ ಶಿಕ್ಷಣ ನೀತೀಲಿ ವಿಶೇಷ ಪ್ರತಿಭೆ ಇರೋ ಮಕ್ಕಳಿಗೆ ಅಂತ ಒಂದು ಭಾಗ ಇದೆ, ವಿಷಯವಾರು ಕ್ಲಬ್ಬು, ಪ್ರಾಜೆಕ್ಟು, ಒಲಿಂಪಿಯಾಡ್, ಬಿ.ಎಡ್‌ನಲ್ಲಿ ಇಂಥ ಮಕ್ಕಳ ಬಗ್ಗೆ ವಿಶೇಷ ಅಧ್ಯಯನ ಅಂತೆಲ್ಲಾ ಬರೆದಿದಾರೆ. ಬೆಂಗಳೂರಿನ ನಿಯಾಸ್, ಅಂದ್ರೆ ಐಐಎಸ್‌ಸಿ ಆವರಣದಲ್ಲಿರೋ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಪ್ರತಿಭಾವಂತ ಮಕ್ಕಳನ್ನ ಗುರುತಿಸೋ ಕೆಲಸ ಮಾಡಿದೆ. ಆದ್ರೆ ನಿಮ್ಮೂರ ಶಾಲೆಗೆ ಇದು ಬಂದಿರುತ್ತೆ ಅಂತ ಕಾಯೋಕಾಗಲ್ಲ. ಡಬಲ್ ಪ್ರಮೋಷನ್ ಕೇಳೋರೂ ಇದಾರೆ. ಚೆನ್ನಾಗಿ ನೋಡಿ, ಮಗುಗೂ ಇಷ್ಟ ಇದ್ದು ಒಂದು ಕ್ಲಾಸ್ ಮುಂದೆ ಹಾಕಿದ ಮಕ್ಕಳಿಗೆ ಸ್ನೇಹ-ಸಂಬಂಧದಲ್ಲಿ ಸಾಮಾನ್ಯವಾಗಿ ಹಾನಿ ಆಗಲ್ಲ ಅಂತ ಹೊರದೇಶಗಳ ಸಂಶೋಧನೆ ಹೇಳುತ್ತೆ. ನಮ್ಮಲ್ಲಿ ಮಾತ್ರ ವಯಸ್ಸಿನ ನಿಯಮ ಈಗ ಬಿಗಿ ಆಗಿರೋದ್ರಿಂದ, ಮುಂದೆ ಹತ್ತನೇ ಕ್ಲಾಸಿನ ರಿಜಿಸ್ಟ್ರೇಷನ್‌ವರೆಗೂ ಕೇಳ್ಕೊಂಡೇ ಹೆಜ್ಜೆ ಇಡ್ಬೇಕು.

ಊರೆಲ್ಲಾ ನೋಡೋಕೆ ಶುರು ಮಾಡಿದ್ರೆ

ರೀಲ್ಸ್ ಕಾಲದಲ್ಲಿ ಇದೊಂದು ಬೇರೆ ಸಮಸ್ಯೆ, ಆದ್ರೆ ಸಮಸ್ಯೆ ಹೊಸದಲ್ಲ.

ವಿಲಿಯಂ ಜೇಮ್ಸ್ ಸೈಡಿಸ್ ಅಂತ ಒಬ್ಬ, 1898ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ್ದು. ಅಪ್ಪ ಬೋರಿಸ್ ಮನಶ್ಶಾಸ್ತ್ರಜ್ಞ, ಅಮ್ಮ ಸಾರಾ ವೈದ್ಯಕೀಯ ಓದಿದೋರು. ಹುಡುಗ 11ನೇ ವಯಸ್ಸಿಗೆ ಹಾರ್ವರ್ಡ್ ಸೇರಿದ, 1910ರ ಜನವರೀಲಿ ಅಲ್ಲಿನ ಗಣಿತ ಕ್ಲಬ್‌ನಲ್ಲಿ ನಾಲ್ಕು ಆಯಾಮದ ಆಕೃತಿಗಳ ಬಗ್ಗೆ ಉಪನ್ಯಾಸ ಕೊಟ್ಟ. ಪತ್ರಿಕೆಗಳು ಹಿಂದೆ ಬಿದ್ದವು. ಅಪ್ಪ ತನ್ನ ಶಿಕ್ಷಣ ಪದ್ಧತಿಗೆ ಮಗನೇ ಸಾಕ್ಷಿ ಅನ್ನೋ ಹಾಗೆ ಬರೆದ. ದೊಡ್ಡವನಾದ್ಮೇಲೆ ಸೈಡಿಸ್ ತಲೆಮರೆಸ್ಕೊಂಡ, ಲೆಕ್ಕದ ಮೆಷಿನ್ ಓಡಿಸೋ ಗುಮಾಸ್ತನ ಕೆಲಸ ಮಾಡ್ಕೊಂಡು, ಟ್ರ್ಯಾಮ್ ಟಿಕೆಟ್ ಸಂಗ್ರಹ ಮಾಡ್ಕೊಂಡು ಇದ್ದ. ಅಷ್ಟಕ್ಕೂ ಬಿಡದೆ 1937ರಲ್ಲಿ ನ್ಯೂಯಾರ್ಕರ್ ಪತ್ರಿಕೆ 'ಆ ಹುಡುಗ ಈಗೆಲ್ಲಿ' ಅನ್ನೋ ಥರ ಅವನ ಬಾಡಿಗೆ ರೂಮಿನವರೆಗೂ ಹೋಗಿ ಲೇಖನ ಬರೀತು. ಅವನು ಕೇಸ್ ಹಾಕಿದ. 1940ರಲ್ಲಿ ಮೇಲ್ಮನವಿ ಕೋರ್ಟು, ನೀನು ಒಂದು ಕಾಲದಲ್ಲಿ ಸಾರ್ವಜನಿಕ ವ್ಯಕ್ತಿ ಆಗಿದ್ದೆ, ನಿನಗೇನಾಯ್ತು ಅಂತ ತಿಳ್ಕೊಳ್ಳೋ ಆಸಕ್ತಿ ಜನಕ್ಕೆ ಇರುತ್ತೆ ಅನ್ನೋ ಅರ್ಥದಲ್ಲಿ ಅವನ ಖಾಸಗಿತನದ ವಾದ ತಳ್ಳಿಹಾಕ್ತು. ಖಾಸಗಿತನದ ಕಾನೂನು ಓದೋರು ಇವತ್ತಿಗೂ ಈ ಕೇಸ್ ಓದ್ತಾರೆ. ಅವನು 1944ರಲ್ಲಿ 46ನೇ ವಯಸ್ಸಿಗೆ ತೀರ್ಕೊಂಡ. ಗಮನಿಸಿ, 'ಸಾರ್ವಜನಿಕ ವ್ಯಕ್ತಿ' ಆಗೋ ತೀರ್ಮಾನ ಅವನು ಮಾಡಿದ್ದಲ್ಲ, ಆಗ ಅವನಿಗೆ ಹನ್ನೊಂದು ವರ್ಷ.

ನಮ್ಮ ಬೆಂಗಳೂರಿನ ಶಕುಂತಲಾ ದೇವಿ ಕಥೆ ಇನ್ನೊಂದು ಥರ. 1929ರಲ್ಲಿ ಹುಟ್ಟಿದ್ದು, ಅಪ್ಪ ಸರ್ಕಸ್‌ನಲ್ಲಿದ್ದೋರು, ಇಸ್ಪೀಟ್ ಎಲೆ ಆಡಿಸುವಾಗ ಮಗಳಿಗೆ ನಂಬರ್ ನೆನಪಿರೋದು ಕಂಡು ಸರ್ಕಸ್ ಬಿಟ್ಟು ಊರೂರಿಗೆ ಕರ್ಕೊಂಡು ಹೋಗಿ ಪ್ರದರ್ಶನ ಮಾಡ್ಸಿದ್ರು. ಆರೇ ವರ್ಷಕ್ಕೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಲೆಕ್ಕ ಮಾಡಿ ತೋರ್ಸಿದ್ರು. 1980ರಲ್ಲಿ ಲಂಡನ್‌ನಲ್ಲಿ 13 ಅಂಕಿಯ ಎರಡು ಸಂಖ್ಯೆ ಗುಣಿಸಿ 28 ಸೆಕೆಂಡಲ್ಲಿ ಉತ್ತರ ಹೇಳಿದ್ದು ಎಲ್ಲರಿಗೂ ಗೊತ್ತು. ಸರಿಯಾದ ಶಾಲೆ ಓದು ಮಾತ್ರ ಅವರಿಗೆ ಸಿಗಲೇ ಇಲ್ಲ. ಹೊಟ್ಟೆಪಾಡಿನ ಮನೆ, ತಪ್ಪು ಸರಿ ಅಂತ ಇಲ್ಲಿ ಕೂತು ಹೇಳೋದು ಸುಲಭ.

ಇದಕ್ಕೆ ಎದುರಾಗಿ ಆಸ್ಟ್ರೇಲಿಯಾದ ಟೆರೆನ್ಸ್ ಟಾವ್. 1975ರಲ್ಲಿ ಅಡಿಲೇಡ್‌ನಲ್ಲಿ ಹುಟ್ಟಿದ್ದು. ಮೂರೂವರೆ ವರ್ಷಕ್ಕೆ ಶಾಲೆಗೆ ಸೇರಿಸಿ ನೋಡಿದ್ರು, ಓದು ಸರಿ ಇತ್ತು, ಇಡೀ ದಿನ ಕ್ಲಾಸಲ್ಲಿ ಕೂರೋಕೆ ಮಗು ರೆಡಿ ಇರಲಿಲ್ಲ, ಕೆಲವೇ ವಾರಕ್ಕೆ ಅಪ್ಪ ಅಮ್ಮ ವಾಪಸ್ ಕರ್ಕೊಂಡ್ರು. ಆಮೇಲೆ ಮತ್ತೆ ಸೇರಿಸಿದಾಗ ಗಣಿತಕ್ಕೆ ದೊಡ್ಡ ಕ್ಲಾಸು, ಉಳಿದಿದ್ದಕ್ಕೆ ತನ್ನ ವಯಸ್ಸಿಗೆ ಹತ್ತಿರದ ಕ್ಲಾಸು. ಎಂಟು ವರ್ಷಕ್ಕೆ ಅಮೆರಿಕದಲ್ಲಿ ಕಾಲೇಜು ಸೇರೋಕೆ ಬರೆಯೋ ಎಸ್‌ಎಟಿ ಪರೀಕ್ಷೆಯ ಗಣಿತದಲ್ಲಿ 800ಕ್ಕೆ 760 ತಗೊಂಡ ಹುಡುಗನನ್ನ ಆಗ್ಲೇ ಯೂನಿವರ್ಸಿಟಿಗೆ ತಳ್ಳಿ ದಾಖಲೆ ಮಾಡಿಸ್ಬಹುದಿತ್ತು, ಮಾಡಿಸ್ಲಿಲ್ಲ, ಪೂರ್ತಿಯಾಗಿ ಸೇರಿದ್ದು 14ನೇ ವಯಸ್ಸಿಗೆ. 2006ರಲ್ಲಿ ಗಣಿತದ ದೊಡ್ಡ ಪ್ರಶಸ್ತಿಯಾದ ಫೀಲ್ಡ್ಸ್ ಪದಕ ಬಂತು. ಜನ ಏನಂತಾರೆ ಅನ್ನೋದು ಅವರ ಲೆಕ್ಕದಲ್ಲಿ ಎರಡೂ ಕಡೆಗೆ ಇರಲಿಲ್ಲ, ಬೈತಾರೆ ಅಂತ ತಡೀಲಿಲ್ಲ, ಹೊಗಳ್ತಾರೆ ಅಂತ ಓಡಿಸ್ಲೂ ಇಲ್ಲ.

ಮಗು ಕೇಳಿಸ್ಕೊಳ್ತಾ ಇರುತ್ತೆ

ನಾವು ದೊಡ್ಡೋರು ಮಾತಾಡ್ಕೊಳ್ತೀವಿ, ಮಗು ಪಕ್ಕದಲ್ಲಿ ಬ್ಲಾಕ್ಸ್ ಜೋಡಿಸ್ತಾ ಎಲ್ಲಾ ಕೇಳಿಸ್ಕೊಳ್ಳತ್ತೆ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ಕ್ಲಾಸಿನ ಮಕ್ಕಳಿಗೆ ಕೆಲವು ಪಜಲ್ ಕೊಟ್ರು, ಮುಗಿಸಿದ್ಮೇಲೆ ಕೆಲವರಿಗೆ 'ನೀನು ಬುದ್ಧಿವಂತ' ಅಂತ, ಇನ್ನು ಕೆಲವರಿಗೆ 'ಚೆನ್ನಾಗಿ ಕಷ್ಟಪಟ್ಟಿದೀಯ' ಅಂತ ಹೇಳಿದ್ರು. ಬುದ್ಧಿವಂತ ಅನ್ಸ್ಕೊಂಡೋರು ಆಮೇಲೆ ಸುಲಭದ ಪಜಲ್ ಆರಿಸ್ಕೊಂಡಿದ್ದು ಜಾಸ್ತಿ, ಕಷ್ಟದ್ದು ಕೊಟ್ಟು ಸೋತ ಮೇಲೆ ಅವರ ಸ್ಕೋರ್ ಬಿತ್ತು, ಎಷ್ಟು ತಗೊಂಡೆ ಅಂತ ಕೇಳಿದ್ರೆ ಸುಳ್ಳು ಹೇಳಿದೋರೂ ಅವರಲ್ಲೇ ಜಾಸ್ತಿ. ಈ ಪರಿಣಾಮ ಎಷ್ಟು ದೊಡ್ಡದು ಅನ್ನೋದ್ರ ಬಗ್ಗೆ ಆಮೇಲೆ ಸಾಕಷ್ಟು ತಕರಾರು ನಡೆದಿದೆ, ಆದ್ರೂ ಮದುವೆ ಮನೇಲಿ ಇಪ್ಪತ್ತು ಜನ ಇಪ್ಪತ್ತು ಸಲ 'ಜೀನಿಯಸ್ಸು' ಅಂದ ಮಗು, ಮೊದಲ ಸಲ ಲೆಕ್ಕ ತಪ್ಪಿದಾಗ ಹಾಳೆ ಹರಿದು ಹಾಕೋದು ನೋಡಿದೋರಿಗೆ ವಿಷಯ ಅರ್ಥ ಆಗುತ್ತೆ.

ಬೈಗುಳ ಕೇಳಿದ ಮಗು ಇನ್ನೊಂದು ದಾರಿ ಹಿಡಿಯುತ್ತೆ, ಬಚ್ಚಿಡೋದು. ಗೊತ್ತಿದ್ರೂ ಕೈ ಎತ್ತಲ್ಲ, ಬೇಕಂತಲೇ ಒಂದು ತಪ್ಪು ಬರೆಯುತ್ತೆ, ಪುಸ್ತಕನ ಬ್ಯಾಗ್ ತಳದಲ್ಲಿ ಇಡುತ್ತೆ. ನಮ್ಮಲ್ಲಿ ಇದಕ್ಕೆ ಮುಖ್ಯ ಕಾರಣ ಒಂದೇ ಪದ, 'ಅಧಿಕಪ್ರಸಂಗಿ'. ಹೆಣ್ಣು ಮಕ್ಕಳಿಗೆ ಈ ಬಿರುದು ಇನ್ನೂ ಬೇಗ ಸಿಗುತ್ತೆ. ಪ್ರಶ್ನೆ ಕೇಳಿದ್ದು ತಪ್ಪಲ್ಲ, ಆದ್ರೆ ಮಾತಿನ ಮಧ್ಯೆ ಬಾಯಿ ಹಾಕಿ ತಾತನ್ನ 'ನಿಂಗೇನೂ ಗೊತ್ತಿಲ್ಲ' ಅನ್ನೋದು ತಪ್ಪು, ಈ ಎರಡನ್ನ ಬಿಡಿಸಿ ಹೇಳೋದು ನಮ್ಮ ಕೆಲಸ. 'ನಿನ್ನ ಉತ್ತರ ಸರಿ ಇತ್ತು, ಹೇಳಿದ ರೀತಿ ಸರಿ ಇರಲಿಲ್ಲ' ಅಂತ ಮನೆಗೆ ಬಂದ್ಮೇಲೆ ಹೇಳಿ, ಅಲ್ಲೇ ಎಲ್ಲರ ಮುಂದೆ ಬೇಡ.

'ನಾನು ಬೇರೆಯವರಿಗಿಂತ ಜಾಣಳಾ?' ಅಂತ ಮಗು ಒಂದಿನ ಕೇಳೇ ಕೇಳುತ್ತೆ. ಇಲ್ಲ ಅಂದ್ರೆ ಸುಳ್ಳು ಅಂತ ಅದಕ್ಕೆ ಗೊತ್ತು. ನಾನು ಹೇಳಿದ್ದು ಇಷ್ಟು, 'ನಿಂಗೆ ಓದೋದು ಬೇಗ ಬಂತು, ನಿನ್ನ ಫ್ರೆಂಡ್‌ಗೆ ಈಜೋದು ಬೇಗ ಬಂತು, ನಿಂಗೆ ಇನ್ನೂ ಈಜೋಕೆ ಬರಲ್ಲ, ಕಲೀಬೇಕಾದ್ರೆ ಅವನನ್ನ ಕೇಳು.' ಅವಳು ಸ್ವಲ್ಪ ಹೊತ್ತು ಯೋಚಿಸಿ 'ಅವನು ಹೇಳ್ಕೊಡಲ್ಲ, ನೀರು ಎರಚ್ತಾನೆ' ಅಂದ್ಲು.

ಕೆಲವು ಮಾತು ಕಿವಿಗೆ ಹಾಕ್ಕೊಳ್ಳೋದೇ ಒಳ್ಳೇದು

ಎಲ್ಲಾ ಮಾತೂ ಹೊಟ್ಟೆಕಿಚ್ಚಲ್ಲ. ದಿನಾ ನೋಡೋ ಅಂಗನವಾಡಿ ಟೀಚರೋ, ಅಜ್ಜೀನೋ 'ಓದುತ್ತೆ ಸರಿ, ಆದ್ರೆ ಕರೆದ್ರೆ ತಿರುಗಲ್ಲ, ಬೇರೆ ಮಕ್ಕಳ ಜೊತೆ ಸೇರಲ್ಲ, ಓದಿದ್ದು ಏನು ಅಂತ ಕೇಳಿದ್ರೆ ಹೇಳಲ್ಲ' ಅಂದ್ರೆ ಅದನ್ನ ಕುಟುಕಿನ ಲೆಕ್ಕಕ್ಕೆ ಹಾಕ್ಬೇಡಿ. ತುಂಬಾ ಬೇಗ, ತುಂಬಾ ಚೆನ್ನಾಗಿ ಓದಿಬಿಟ್ಟು, ಅರ್ಥ ಮಾತ್ರ ಹಿಂದೆ ಉಳಿಯೋದಕ್ಕೆ ಹೈಪರ್‌ಲೆಕ್ಸಿಯಾ ಅಂತಾರೆ, ಕೆಲವು ಮಕ್ಕಳಲ್ಲಿ ಅದು ಆಟಿಸಂ ಜೊತೆ ಕಾಣಿಸುತ್ತೆ. ಹಾಗೇ ಗಣಿತದಲ್ಲಿ ನಾಲ್ಕು ಕ್ಲಾಸ್ ಮುಂದಿರೋ ಮಗುಗೆ ಡಿಸ್ಲೆಕ್ಸಿಯಾನೋ (ಓದೋದು ಬರೆಯೋದು ಕಷ್ಟ ಆಗೋದು) ಎಡಿಎಚ್‌ಡಿನೋ (ಗಮನ ನಿಲ್ಲಿಸೋಕೆ, ಸುಮ್ನೆ ಕೂರೋಕೆ ಕಷ್ಟ ಆಗೋದು) ಇರಬಹುದು, ಒಂದು ಇನ್ನೊಂದನ್ನ ಮುಚ್ಚಿಬಿಡುತ್ತೆ, ಜಾಣ ಅಲ್ವಾ, ಬೇಕಂತಲೇ ಬರೀತಿಲ್ಲ ಅಂತ ಎಲ್ಲರೂ ಬೈತಾರೆ.

ಅನುಮಾನ ಇದ್ರೆ ಮಕ್ಕಳ ಬೆಳವಣಿಗೆ ನೋಡೋ ಡಾಕ್ಟರ್, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ, ಮಾತಿನ ವಿಷಯ ಆದ್ರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಇಂಥ ಕಡೆ ತೋರಿಸ್ಬಹುದು. ಹೋಗುವಾಗ 'ಐಕ್ಯೂ ಎಷ್ಟು ಹೇಳಿ' ಅಂತ ಹೋಗ್ಬೇಡಿ, ಯಾವುದು ಕಷ್ಟ ಆಗ್ತಿದೆ ಅಂತ ಬರ್ಕೊಂಡು ಹೋಗಿ. ರಿಪೋರ್ಟ್ ಬಂದ್ಮೇಲೆ ಟೀಚರ್‌ಗೆ ಬೇಕಾಗೋದು ಅದರ ಕೊನೇಲಿ ಇರೋ ಸಲಹೆಗಳ ಭಾಗ, ಅದನ್ನ ಒಂದು ಕಾಪಿ ಮಾಡಿ ಕೊಡಿ. ಮೊದಲನೇ ಪುಟದಲ್ಲಿ ಒಂದು ನಂಬರ್ ಇರುತ್ತಲ್ಲ, ಅದರ ಫೋಟೋ ಮಾತ್ರ ಫ್ಯಾಮಿಲಿ ಗ್ರೂಪಿಗೆ ಹಾಕ್ಬೇಡಿ.